ವೆನಿಸ್ ಪಕ್ಷಿನೋಟ (ಕ್ರಿ.ಶ. 1500)

ಇಟಲಿಯ ವೆನಿಸ್ ನಗರವನ್ನು ಆಕಾಶದಿಂದ ಕಂಡಂತೆ ತೋರಿಸುವ ಬೃಹತ್ ಮರದಚ್ಚಿನ ಚಿತ್ರ. ಬರೆದವನು ಯಾಕೊಪೊ ದೆ ಬಾರ್ಬರಿ. ಹಣ ಹೂಡಿ ಹೊರತಂದವನು ಜರ್ಮನಿಯ ನ್ಯೂರೆಂಬರ್ಗಿನಿಂದ ಬಂದು ವೆನಿಸ್‌ನಲ್ಲಿ ವ್ಯಾಪಾರ ಮಾಡುತ್ತಿದ್ದ ಆಂಟನ್ ಕೋಲ್ಬ್. ಆರು ಅಚ್ಚುಹಲಗೆಗಳಿಂದ ಆರು ದೊಡ್ಡ ಹಾಳೆಗಳ ಮೇಲೆ ಒತ್ತಿ, ಮೇಲೆ ಮೂರು ಕೆಳಗೆ ಮೂರರಂತೆ ಜೋಡಿಸಿದರೆ ಚಿತ್ರ ಪೂರ್ತಿಯಾಗುತ್ತದೆ. ಆಗ ಅದರ ಅಗಲ ಸುಮಾರು 2.8 ಮೀಟರ್, ಎತ್ತರ ಸುಮಾರು 1.35 ಮೀಟರ್. ಆಳೆತ್ತರದ ಮನುಷ್ಯನೊಬ್ಬ ಅದರ ಮೇಲೆ ಉದ್ದಕ್ಕೆ ಮಲಗಿದರೂ ಇನ್ನೂ ಮೂರಡಿ ವೆನಿಸ್ ಉಳಿದಿರುತ್ತದೆ. ಯುರೋಪಿನ ನಗರಚಿತ್ರಗಳ ಚರಿತ್ರೆಯಲ್ಲಿ ಇದಕ್ಕೆ ಹಿಂದೆ ಇಷ್ಟು ದೊಡ್ಡ, ಇಷ್ಟು ಕೂಲಂಕಷವಾದ ಮುದ್ರಿತ ಚಿತ್ರ ಬಂದಿರಲಿಲ್ಲ. ಮುಂದಿನ ನೂರಾರು ವರ್ಷ ಆ ಊರನ್ನು ಕಾಗದದ ಮೇಲೆ ತರಹೊರಟವರೆಲ್ಲ ನೇರವಾಗಿಯೋ ಬಳಸುದಾರಿಯಲ್ಲೋ ಇದರ ಸಾಲಗಾರರೇ.

ಹೊಗಳುವವರು ಸಾಮಾನ್ಯವಾಗಿ ಇದರ ನಿಖರತೆಯನ್ನು ಎತ್ತಿ ಹೇಳುತ್ತಾರೆ. ನಿಖರತೆ ಇದೆ, ನಿಜ. ಆದರೆ ಈ ನೋಟ ಯಾರ ಕಣ್ಣಿಗೂ ಬಿದ್ದದ್ದಲ್ಲ. ಬಲೂನು ಹಾರಲು ಇನ್ನೂ ಮುನ್ನೂರು ವರ್ಷಕ್ಕೆ ಸ್ವಲ್ಪ ಕಡಿಮೆಯಿದ್ದ ಕಾಲವದು; ಸಮುದ್ರದ ಹಿನ್ನೀರಿನ ನಡುವೆ ಚಪ್ಪಟೆಯಾಗಿ ಹರಡಿಕೊಂಡ ವೆನಿಸ್‌ಗೆ ಹತ್ತಿ ನೋಡಲು ಪಕ್ಕದಲ್ಲೊಂದು ಗುಡ್ಡವೂ ಇಲ್ಲ. ನೂರಾರು ಕಡೆಯಿಂದ ಪಡೆದ ತುಂಡುನೋಟಗಳನ್ನು ಹೊಲಿದು, ಹೊಲಿಗೆ ಕಾಣದಂತೆ ಮಾಡಿದ್ದರಲ್ಲೇ ಇದರ ಕಸುಬುಗಾರಿಕೆಯಿದೆ.

ಚಿತ್ರದಲ್ಲಿರುವುದು

ನೋಡುವವನು ನಗರದ ದಕ್ಷಿಣಕ್ಕೆ, ನೀರಿನ ಮೇಲೆ ಬಹಳ ಎತ್ತರದಲ್ಲಿ ನಿಂತಿದ್ದಾನೆ ಎಂಬ ಲೆಕ್ಕದಲ್ಲಿ ಚಿತ್ರವನ್ನು ಹೂಡಲಾಗಿದೆ. ಕೆಳಗೆ, ಕಣ್ಣಿಗೆ ಹತ್ತಿರದಲ್ಲಿ, ಜ್ಯುದೆಕ್ಕ ದ್ವೀಪದ ಮನೆಗಳು, ಗೋಡೆ ಕಟ್ಟಿದ ತೋಟಗಳು. ಅದರ ಬಲಕ್ಕೆ ಸಾನ್ ಜಾರ್ಜೊ ಮಜ್ಜೋರೆ ದ್ವೀಪದ ಮಠ. ಅಗಲವಾದ ನೀರು ದಾಟಿದರೆ ನಗರದ ಮುಖ್ಯ ಭಾಗ, ಅದರ ನಡುವೆ ಮಹಾಕಾಲುವೆ. ಹಿಂದೆ ಗಾಜಿನ ಕುಲುಮೆಗಳ ಮುರಾನೊ, ಅದರಾಚೆ ಬುರಾನೊ, ತೊರ್ಚೆಲ್ಲೊ, ಕೊನೆಗೆ ಮುಖ್ಯಭೂಮಿ, ಆಲ್ಪ್ಸ್ ಪರ್ವತಗಳ ಸಾಲು. ನಾಲ್ಕೂ ಅಂಚುಗಳಲ್ಲಿ ಕೆನ್ನೆಯುಬ್ಬಿಸಿ ಊದುವ ಎಂಟು ಮುಖಗಳಿವೆ. ಇವು ಎಂಟು ದಿಕ್ಕಿನ ಗಾಳಿಗಳು. ನಾವಿಕರ ದಿಕ್ಸೂಚಿಯ ಕೆಲಸವನ್ನು ಇಲ್ಲಿ ಇವೇ ಮಾಡುತ್ತವೆ.

ಆ ಕಾಲದ ಯುರೋಪಿನಲ್ಲಿ ಊರೆಂದರೆ ಮೊದಲು ಕೋಟೆ. ಚಿತ್ರಕಾರರು ಬುರುಜು, ಹೆಬ್ಬಾಗಿಲು ಬರೆದ ಮೇಲೆಯೇ ಒಳಗಿನ ಮನೆಗಳಿಗೆ ಬರುತ್ತಿದ್ದರು. ವೆನಿಸ್‌ಗೆ ಕೋಟೆಯೇ ಇಲ್ಲ. ಸುತ್ತ ನೀರು, ನೀರಿನ ಮೇಲೆ ಹಡಗು. ಎತ್ತರದ ಗೋಡೆ ಕಾಣುವುದು ಬಲಬದಿಯ ಆರ್ಸೆನಾಲೆಯ ಸುತ್ತ ಮಾತ್ರ. ಅದು ಗಣರಾಜ್ಯದ ಹಡಗುಕಟ್ಟೆ, ಆಯುಧಗಳ ಉಗ್ರಾಣ. ಕಾಯಬೇಕಾದ್ದು ಏನೆಂದು ಆ ಊರಿಗೆ ಗೊತ್ತಿತ್ತು.

ಹತ್ತಿರ ಹೋದಷ್ಟೂ ಚಿತ್ರ ಬಿಚ್ಚಿಕೊಳ್ಳುತ್ತದೆ. ಮಾಡುಗಳ ಮೇಲೆ ವೆನಿಸ್‌ಗೇ ವಿಶಿಷ್ಟವಾದ, ಬಾಯಿ ಅಗಲಿಸಿ ಬುಡ ಕಿರಿದಾದ ಹೊಗೆಗೂಡುಗಳು. ಕಿಡಿ ಹಾರಿ ಪಕ್ಕದ ಮನೆಗೆ ಬೆಂಕಿ ತಗಲದಿರಲೆಂದು ಆ ಆಕಾರ. ಕೆಲವು ಮನೆಗಳ ನೆತ್ತಿಯಲ್ಲಿ ಮರದ ಅಟ್ಟಣೆಗಳು. ಬಯಲುಗಳ ನಡುವೆ ಬಾವಿಕಟ್ಟೆಗಳು. ಉಪ್ಪುನೀರಿನ ಮೇಲೆ ಕಟ್ಟಿದ ಈ ಊರಿನಲ್ಲಿ ನೆಲದಿಂದ ಸಿಹಿನೀರು ಬರುವುದಿಲ್ಲ. ಬಯಲಿನ ನೆಲದಡಿ ಮರಳು ತುಂಬಿ, ಮಳೆನೀರು ಅದರಲ್ಲಿ ಸೋಸಿ ಬರುವಂತೆ ಮಾಡಿ, ಆ ನೀರನ್ನು ಸೇದುತ್ತಿದ್ದರು. ಚರ್ಚುಗಳ ಗಂಟೆಗೋಪುರಗಳನ್ನು ಒಂದರಂತೆ ಇನ್ನೊಂದಿರದ ಹಾಗೆ ಬರೆದಿದೆ. ಹಲವಕ್ಕೆ ಪುಟ್ಟ ಅಕ್ಷರದಲ್ಲಿ ಹೆಸರೂ ಉಂಟು.

ಮಹಾಕಾಲುವೆಯ ಮೇಲಿನ ರಿಯಾಲ್ಟೊ ಸೇತುವೆಯ ಬಳಿ ಸ್ವಲ್ಪ ನಿಲ್ಲಬೇಕು. ಇಂದು ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಕಲ್ಲಿನ ಕಮಾನು ಕಟ್ಟಿದ್ದು 1588ರಿಂದ 1591ರ ನಡುವೆ. ಬಾರ್ಬರಿಯ ಚಿತ್ರದಲ್ಲಿರುವುದು ಅದಕ್ಕೆ ಮುಂಚಿನ ಮರದ ಸೇತುವೆ. ಎರಡೂ ಬದಿಯಿಂದ ಇಳಿಜಾರು ಏರಿ ಬಂದು, ನಡುವೆ ಮೇಲೆತ್ತಬಹುದಾದ ತುಂಡೊಂದು. ಎತ್ತರದ ಕೂವೆಯ ಹಡಗು ಬಂದಾಗ ಅದನ್ನು ಎತ್ತಿ ದಾರಿ ಬಿಡುತ್ತಿದ್ದರು. ಅದೇ ಕಾಲದ ಚಿತ್ರಕಾರ ಕಾರ್ಪಾಚೊ ರಿಯಾಲ್ಟೊದ ಪವಾಡವೊಂದನ್ನು ಬರೆದ ಚಿತ್ರದಲ್ಲಿ ಇದೇ ಸೇತುವೆ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಾರ್ಬರಿ ಹಿರಿಯ ಕಟ್ಟಡಗಳನ್ನು ಊಹೆಯಿಂದ ಬರೆಯಲಿಲ್ಲ ಎಂಬುದು ಖಾತ್ರಿಯಾಗುತ್ತದೆ. ಸೇತುವೆಯ ಪಕ್ಕದಲ್ಲೇ ಜರ್ಮನ್ ವರ್ತಕರ ಛತ್ರವಿದೆ. ವೆನಿಸ್‌ಗೆ ಬಂದ ಜರ್ಮನ್ ವ್ಯಾಪಾರಿಗಳು ಅಲ್ಲೇ ಇಳಿದುಕೊಂಡು ಅಲ್ಲೇ ವಹಿವಾಟು ನಡೆಸಬೇಕೆಂಬುದು ಸರ್ಕಾರದ ಕಟ್ಟಳೆ. ಕೋಲ್ಬ್‌ನಂಥವರ ಲೋಕ ಅದು. 1505ರ ಜನವರಿಯಲ್ಲಿ ಆ ಕಟ್ಟಡ ಸುಟ್ಟುಹೋಯಿತು, 1514ರಲ್ಲಿ ರಿಯಾಲ್ಟೊ ಪೇಟೆಯೂ ಬೆಂಕಿಗೆ ಆಹುತಿಯಾಯಿತು. ಬೆಂಕಿಗೆ ಮುಂಚಿನ ವ್ಯಾಪಾರದ ಕೇಂದ್ರ ಹೇಗಿತ್ತು ಎಂದು ಕೇಳುವ ಇತಿಹಾಸಕಾರರು ಇಂದಿಗೂ ಮೊದಲು ತೆರೆಯುವುದು ಈ ಹಾಳೆಗಳನ್ನು.

ಸಾನ್ ಮಾರ್ಕೊ ಚೌಕದ ಚಿತ್ರವೂ ಅಷ್ಟೇ ಉಪಯುಕ್ತ. ಗಡಿಯಾರ ಗೋಪುರ ಆಗಷ್ಟೇ, 1499ರಲ್ಲಿ, ಮುಗಿದಿತ್ತು. ಪಕ್ಕದ ರೆಕ್ಕೆಗಳು ಇನ್ನೂ ಸೇರಿರಲಿಲ್ಲ. ವಾಸ್ತುಶಿಲ್ಪಿ ಸಾನ್ಸೊವಿನೊ ಕಟ್ಟಿದ ಗ್ರಂಥಾಲಯ ಬರಲು ಇನ್ನೂ ಮೂರೂವರೆ ದಶಕ ಬಾಕಿಯಿತ್ತು. ದೊಡ್ಡ ಗಂಟೆಗೋಪುರದ ತುದಿ ಮೊಂಡಾಗಿದೆ. 1489ರಲ್ಲಿ ಸಿಡಿಲು ಬಡಿದು ಶಿಖರ ಉರುಳಿದ ಮೇಲೆ ತಾತ್ಕಾಲಿಕವಾಗಿ ಹಾಕಿದ ಚಪ್ಪಟೆ ಸೂರು ಅದು. ಚಂದಕ್ಕಾಗಿ ಹಳೆಯ ಶಿಖರವನ್ನೇ ಬರೆದುಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಬರೆದವರು ಇದ್ದದ್ದನ್ನೇ ಬರೆದರು.

ಒಂದು ವಿಚಿತ್ರ: ಲಕ್ಷದ ಆಸುಪಾಸಿನಲ್ಲಿ ಜನರಿದ್ದ ಊರಿನ ಬೀದಿಗಳಲ್ಲಿ ಮನುಷ್ಯರು ಬಹಳ ಕಡಿಮೆ. ನೀರಿನ ಮೇಲೆ ಮಾತ್ರ ಗಲಗಲ ಇದೆ. ಹುಟ್ಟುಹಾಕುವವರು ಮೈಬಾಗಿಸಿ ದೋಣಿಪಂದ್ಯದಲ್ಲಿ ತೊಡಗಿದ್ದಾರೆ, ದಪ್ಪಹೊಟ್ಟೆಯ ಸರಕುಹಡಗುಗಳು ಲಂಗರು ಹಾಕಿವೆ, ದಡದ ಕಟ್ಟೆಗಳಲ್ಲಿ ದೋಣಿ ಕಟ್ಟುವ ಕೆಲಸ ನಡೆದಿದೆ.

ಕಟ್ಟಿದ ಬಗೆ

ಮೊದಲ ಕೆಲಸ ಅಳತೆ. ಈ ಊರಿಗೆ ಗುಡ್ಡವಿಲ್ಲದಿದ್ದರೂ ಗಂಟೆಗೋಪುರಗಳಿಗೆ ಬರವಿಲ್ಲ. ಬೇರೆಬೇರೆ ಗೋಪುರಗಳನ್ನು ಹತ್ತಿ, ಸುತ್ತಲಿನ ಕಟ್ಟಡಗಳ ದಿಕ್ಕು ದೂರ ಗುರುತಿಸಿ, ಕೇರಿಕೇರಿಯ ರೇಖಾಚಿತ್ರ ಬರೆದು ತಂದಿರಬೇಕೆಂದು ವಿದ್ವಾಂಸರ ಊಹೆ. ಇಂಥ ಅಳತೆಯ ವಿಧಾನ ಹೊಸದಾಗಿರಲಿಲ್ಲ. ಅದಕ್ಕೆ ಅರ್ಧ ಶತಮಾನ ಮೊದಲೇ ವಾಸ್ತುಶಿಲ್ಪಿ, ಪಂಡಿತ ಆಲ್ಬರ್ಟಿ ರೋಮ್ ನಗರದ ಕ್ಯಾಪಿಟಲ್ ದಿಬ್ಬದ ಮೇಲೆ ಅಂಶಗಳನ್ನು ಗುರುತಿಸಿದ ವೃತ್ತಾಕಾರದ ಫಲಕವಿಟ್ಟು, ಅಲ್ಲಿಂದ ಪ್ರತಿಯೊಂದು ಕಟ್ಟಡದ ಕೋನ ಮತ್ತು ದೂರವನ್ನು ದಾಖಲಿಸುವ ಕ್ರಮವನ್ನು ವಿವರಿಸಿದ್ದ. ವೆನಿಸ್‌ನಲ್ಲಿ ಅದೇ ಉಪಕರಣ ಬಳಸಿದರೆಂದು ಹೇಳಲು ಆಧಾರವಿಲ್ಲ, ಆದರೆ ಆ ಕಾಲದ ಕಸುಬುದಾರರಿಗೆ ಈ ವಿದ್ಯೆ ಸಿಕ್ಕಿತ್ತು.

ಕಷ್ಟವಿದ್ದದ್ದು ಮುಂದಿನ ಹಂತದಲ್ಲಿ. ಗೋಪುರದಿಂದ ಕಂಡ ತುಂಡುಗಳಿಗೆಲ್ಲ ಬೇರೆಬೇರೆ ಕಣ್ಣು; ಅವನ್ನು ಒಂದೇ ಕಣ್ಣಿನ ನೋಟವಾಗಿ ತಿರುಗಿಸಬೇಕು. ಕಲಾ ಇತಿಹಾಸಕಾರ ಯೂರ್ಗೆನ್ ಶುಲ್ಜ್ 1978ರಲ್ಲಿ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಇಂದಿಗೂ ಆಧಾರ. ಇಂದಿನ ನಕ್ಷೆಯ ಮೇಲೆ ಸಮಚೌಕಗಳ ಜಾಲ ಹಾಕಿ, ಅದೇ ಬಿಂದುಗಳನ್ನು ಬಾರ್ಬರಿಯ ಚಿತ್ರದಲ್ಲಿ ಹುಡುಕಿ ಸೇರಿಸಿದರೆ ಗೆರೆಗಳು ನೆಟ್ಟಗೆ ನಿಲ್ಲುವುದಿಲ್ಲ; ಒಂದು ಕಡೆ ಹಿಗ್ಗಿ, ಇನ್ನೊಂದು ಕಡೆ ಕುಗ್ಗಿ, ಬಲೆಯಂತೆ ಸುಕ್ಕಾಗುತ್ತವೆ. ನೋಟದ ಎತ್ತರವೂ ಚಿತ್ರದುದ್ದಕ್ಕೂ ಒಂದೇ ಆಗಿಲ್ಲ. ಅಂದರೆ ಈ ಚಿತ್ರ ಹಿಡಿದುಕೊಂಡು ಊರಲ್ಲಿ ದಾರಿ ಹುಡುಕಿದರೆ ಕಾಲುವೆಗೆ ಬೀಳುವ ಸಂಭವವಿದೆ. ಕಟ್ಟಡ ಕಟ್ಟಡದ ಮಟ್ಟಿಗೆ ನಂಬಬಹುದು, ಕಟ್ಟಡಗಳ ನಡುವಿನ ಅಂತರವನ್ನು ಮಾತ್ರ ನಂಬುವಂತಿಲ್ಲ. ಸಾಲುಮನೆಗಳ ವಿಷಯದಲ್ಲೂ ಎಚ್ಚರ ಬೇಕು; ಅವನ್ನು ಒಂದೊಂದಾಗಿ ನೋಡಿ ಬರೆದಿರಲಿಕ್ಕಿಲ್ಲ. ಕಿಟಕಿಗಳ ಸಂಖ್ಯೆ ಎಣಿಸಿ ತೀರ್ಮಾನಕ್ಕೆ ಬರುವವರು ಅವಸರ ಮಾಡಬಾರದು.

ಬರೆದ ಚಿತ್ರವನ್ನು ಪಿಯರ್ ಹಣ್ಣಿನ ಮರದ ಹಲಗೆಗಳಿಗೆ ಇಳಿಸಿದರು. ಈ ಮರದ ಎಳೆ ಸಣ್ಣದು, ಒತ್ತೊತ್ತಾದದ್ದು. ಕೂದಲೆಳೆಯಂಥ ಗೆರೆ ಉಳಿಸಿ ಕೆತ್ತಿದರೂ ಚಕ್ಕೆ ಏಳುವುದಿಲ್ಲ. ಮರದಚ್ಚಿನಲ್ಲಿ ಗೆರೆಯನ್ನು ಕೆತ್ತುವುದಲ್ಲ, ಗೆರೆಯ ಎರಡೂ ಬದಿಯ ಮರವನ್ನು ತೆಗೆದು ಗೆರೆಯನ್ನು ಉಬ್ಬಾಗಿ ಉಳಿಸುವುದು. ಅದೂ ಎಡಬಲ ಅದಲುಬದಲಾಗಿ. ಒಂದು ಹೊಗೆಗೂಡಿನ ಗೆರೆ ಮುರಿದರೆ ಆ ಜಾಗ ತೋಡಿ, ಹೊಸ ಮರದ ತುಂಡು ಬಿಗಿದು, ಮತ್ತೆ ಕೆತ್ತಬೇಕು. ಸಾವಿರಾರು ಕಿಟಕಿಗಳು, ನೀರಿನ ಸಣ್ಣ ಸಣ್ಣ ಅಲೆಗಳು, ಹಡಗುಗಳ ಹಗ್ಗಗಳು ಎಲ್ಲವೂ ಹೀಗೆ ಬಂದವು. ಬಾರ್ಬರಿ ಚಿತ್ರ ಬರೆದವನು. ಉಳಿ ಹಿಡಿದವರು ಬೇರೆ, ಅವರ ಹೆಸರುಗಳು ಉಳಿದಿಲ್ಲ. ಕಾಗದದ್ದೂ ಒಂದು ಸಾಹಸವೇ. ಅಷ್ಟು ದೊಡ್ಡ ಹಾಳೆ ಪೇಟೆಯಲ್ಲಿ ಸಿಗುತ್ತಿರಲಿಲ್ಲ.

ಇದರ ಹಿಂದಿನ ಪರಂಪರೆಯನ್ನೂ ನೆನೆಯಬೇಕು. ಫ್ಲಾರೆನ್ಸ್ ನಗರದ ಸಮಗ್ರ ನೋಟವನ್ನು ಫ್ರಾಂಚೆಸ್ಕೊ ರೊಸೆಲ್ಲಿ 1480ರ ದಶಕದಲ್ಲೇ ತಾಮ್ರದ ತಗಡಿನಲ್ಲಿ ಕೆತ್ತಿದ್ದ. ಎರ್ಹಾರ್ಡ್ ರಾಯ್‌ವಿಚ್ ಎಂಬ ಚಿತ್ರಕಾರ ಜೆರುಸಲೇಮ್ ಯಾತ್ರೆಯ ದಾರಿಯಲ್ಲಿ ಕಂಡ ವೆನಿಸನ್ನು ಬರೆದ ಮಡಿಕೆಚಿತ್ರ 1486ರಲ್ಲಿ ಮೈಂಟ್ಸ್‌ನಲ್ಲಿ ಅಚ್ಚಾದ ಯಾತ್ರಾಗ್ರಂಥದಲ್ಲಿ ಬಂತು. ಬಿಚ್ಚಿದರೆ ಒಂದೂವರೆ ಮೀಟರಿಗೂ ಉದ್ದ. ಆದರೆ ಅದು ಹಡಗಿನ ಮೇಲೆ ನಿಂತವನ ನೋಟ, ಮುಂದಿನ ಸಾಲಿನ ಕಟ್ಟಡಗಳು ಹಿಂದಿನವನ್ನು ಮರೆಮಾಡುತ್ತವೆ. ಸಾಮಾನ್ಯ ಓದುಗನಿಗೆ ಸಿಗುತ್ತಿದ್ದ ನಗರಚಿತ್ರಗಳ ಪಾಡು ಹೇಗಿತ್ತೆಂದು ತಿಳಿಯಲು 1493ರ ಪ್ರಸಿದ್ಧ ನ್ಯೂರೆಂಬರ್ಗ್ ವೃತ್ತಾಂತವನ್ನು ತೆರೆಯಬೇಕು. ಅದರಲ್ಲಿ 1,800ಕ್ಕೂ ಮಿಕ್ಕಿ ಚಿತ್ರಗಳಿವೆ, ಅಚ್ಚುಹಲಗೆಗಳು ಮಾತ್ರ 645. ಒಂದೇ ಹಲಗೆಯನ್ನು ಹಲವು ಊರುಗಳ ಹೆಸರಿನಲ್ಲಿ ಒತ್ತಿದ್ದಾರೆ. ಆರೇಳು ವರ್ಷಗಳಲ್ಲಿ ಅಲ್ಲಿಂದ ಇಲ್ಲಿಗೆ ಬಂದದ್ದು ಸಣ್ಣ ನೆಗೆತವಲ್ಲ.

ಕೋಲ್ಬ್‌ನ ಅರ್ಜಿ

1500ರ ಅಕ್ಟೋಬರ್ 30ರಂದು ಕೋಲ್ಬ್ ವೆನಿಸ್ ಸರ್ಕಾರಕ್ಕೆ ಸಲ್ಲಿಸಿದ ಅರ್ಜಿ ಈ ಚಿತ್ರದ ಬಗ್ಗೆ ಉಳಿದಿರುವ ಮುಖ್ಯ ದಾಖಲೆ. ಕೆಲಸಕ್ಕೆ ಮೂರು ವರ್ಷ ಹಿಡಿಯಿತು, ಇಷ್ಟು ದೊಡ್ಡ ಹಾಳೆಗಳ ಮೇಲೆ ಇಷ್ಟು ನಿಖರವಾಗಿ ಚಿತ್ರ ಬರೆದು ಅಚ್ಚು ಹಾಕುವುದು ಹಿಂದೆ ನಡೆದದ್ದಿಲ್ಲ, ಆದುದರಿಂದ ನಾಲ್ಕು ವರ್ಷ ಬೇರೆ ಯಾರೂ ಇದನ್ನು ನಕಲು ಮಾಡದಂತೆ ರಕ್ಷಣೆ ಬೇಕು, ಎಲ್ಲ ಕಡೆಗೂ ಸುಂಕವಿಲ್ಲದೆ ಸಾಗಿಸಲು ಅನುಮತಿ ಬೇಕು ಎಂದು ಕೇಳಿಕೊಂಡ. ಪ್ರತಿಯ ಬೆಲೆ ಮೂರು ಡ್ಯೂಕಾಟ್. ನುರಿತ ಕೆಲಸಗಾರನ ಕೆಲವು ವಾರಗಳ ಸಂಪಾದನೆ ಅದು. ಬಡವನ ಗೋಡೆಗೆ ಬಂದ ಚಿತ್ರವಲ್ಲ. ವರ್ತಕರ ಕೊಠಿ, ಶ್ರೀಮಂತರ ಮನೆ, ಅರಮನೆಗಳೇ ಇದರ ಗಿರಾಕಿಗಳು.

ಅರ್ಜಿಯಲ್ಲಿ ವೆನಿಸ್‌ನ ಕೀರ್ತಿಯ ಮಾತಿದೆ, ತಾನು ಪಟ್ಟ ಪಾಡಿನ ಮಾತಿದೆ, ದುಡ್ಡಿನ ಮಾತಿದೆ. ಚಿತ್ರಕಾರನ ಹೆಸರಿಲ್ಲ. ಚಿತ್ರದ ಮೇಲೂ ಇಲ್ಲ. ಹಾಗಾಗಿ ಇದು ಜರ್ಮನ್ ಚಿತ್ರಕಾರ ಡ್ಯೂರರನದೆಂದು ಹೇಳುವವರೂ ಒಂದು ಕಾಲಕ್ಕೆ ಇದ್ದರು. ಬಾರ್ಬರಿಯದೆಂದು ಇಂದು ವಿದ್ವಾಂಸರು ಒಪ್ಪುವುದಕ್ಕೆ ಮುಖ್ಯ ಕಾರಣ ಕೋಲ್ಬ್‌ಗೂ ಅವನಿಗೂ ಇದ್ದ ನಂಟು, ಗೆರೆಯ ಬಗೆ, ಮತ್ತು ಆಕಾಶದಲ್ಲಿ ಕೂತಿರುವ ಒಬ್ಬ ದೇವರು.

ಇಬ್ಬರು ದೇವರು

ನಗರದ ಮೇಲೆ ಮೋಡದಲ್ಲಿ ಮರ್ಕ್ಯುರಿ ಕುಳಿತಿದ್ದಾನೆ. ಪ್ರಾಚೀನ ರೋಮನ್ನರಿಗೆ ಅವನು ವ್ಯಾಪಾರದ ದೇವರು. ಕೈಯಲ್ಲಿ ಎರಡು ಹಾವು ಸುತ್ತಿಕೊಂಡ ದಂಡ. ಕೆಳಗೆ, ಸಾನ್ ಮಾರ್ಕೊದ ಎದುರಿನ ನೀರಿನಲ್ಲಿ, ಕಡಲಮೃಗದ ಬೆನ್ನೇರಿ ತ್ರಿಶೂಲ ಹಿಡಿದ ಕಡಲದೇವರು ನೆಪ್ಚೂನ್. ಇಬ್ಬರ ಬಳಿಯೂ ಲ್ಯಾಟಿನ್ ಬರಹಗಳಿವೆ. ಇತರ ಪೇಟೆಗಳೆಲ್ಲಕ್ಕಿಂತ ಈ ಪೇಟೆಗೆ ನನ್ನ ಕೃಪೆ ಹೆಚ್ಚು ಎಂಬುದು ಮರ್ಕ್ಯುರಿಯ ಮಾತಿನ ತಾತ್ಪರ್ಯ. ಕಡಲನ್ನು ಶಾಂತವಾಗಿಡುತ್ತ ಈ ಬಂದರಿನಲ್ಲಿ ನೆಲೆಸಿದ್ದೇನೆ ಎಂಬುದು ನೆಪ್ಚೂನನದು. ಇಬ್ಬರನ್ನೂ ಸೇರಿಸಿ ಗೆರೆ ಎಳೆದರೆ ಅದು ರಿಯಾಲ್ಟೊ ಮತ್ತು ಸಾನ್ ಮಾರ್ಕೊ, ಅಂದರೆ ವ್ಯಾಪಾರ ಮತ್ತು ರಾಜ್ಯಭಾರದ ಎರಡು ಕೇಂದ್ರಗಳ ಆಸುಪಾಸಿನಲ್ಲೇ ಹಾಯುತ್ತದೆ. ನಗರದ ಒಡೆಯನೆನಿಸಿದ ಸಂತ ಮಾರ್ಕನನ್ನು ಬಿಟ್ಟು ಇಬ್ಬರು ಪ್ರಾಚೀನ ದೇವರನ್ನು ಕೂರಿಸಿದ್ದರಲ್ಲಿ ಆ ಕಾಲದ ಪಂಡಿತರ ಅಭಿರುಚಿ ಕಾಣುತ್ತದೆ. ಮರ್ಕ್ಯುರಿಯ ದಂಡವೇ ಬಾರ್ಬರಿ ತನ್ನ ಇತರ ಕೃತಿಗಳಲ್ಲಿ ಸಹಿಯಾಗಿ ಬಳಸುತ್ತಿದ್ದ ಗುರುತು. ಹೆಸರು ಹಾಕಲು ಬಿಡದಿದ್ದ ಕಡೆ ಅವನು ಅದನ್ನು ದೇವರ ಕೈಗೆ ಕೊಟ್ಟ ಎಂದು ನನಗೆ ಅನ್ನಿಸುತ್ತದೆ, ಎಲ್ಲರೂ ಒಪ್ಪಬೇಕೆಂದಿಲ್ಲ.

ಈ ಭವ್ಯ ಚಿತ್ರ ಅಚ್ಚಾದಾಗ ವೆನಿಸ್‌ನ ಸ್ಥಿತಿ ಅಷ್ಟೇನೂ ಚೆನ್ನಾಗಿರಲಿಲ್ಲ. 1499ರಲ್ಲಿ ರಿಯಾಲ್ಟೊದ ಹೆಸರಾಂತ ಬ್ಯಾಂಕುಗಳು ಬಾಗಿಲು ಮುಚ್ಚಿದ್ದವು. ಅದೇ ವರ್ಷ ಜೊಂಕ್ಯೊ ಕಡಲಕಾಳಗದಲ್ಲಿ ಆಟೊಮನ್ ತುರ್ಕರ ಎದುರು ನೌಕಾಪಡೆ ಮುಖಭಂಗ ಅನುಭವಿಸಿತು. 1500ರ ಆಗಸ್ಟ್‌ನಲ್ಲಿ ಗ್ರೀಸಿನ ಮೊದೋನ್, ಕೊರೋನ್ ಕೋಟೆಗಳು ಕೈತಪ್ಪಿದವು. ನೆಪ್ಚೂನ್ ಕಡಲನ್ನು ಕಾಯುತ್ತಿದ್ದಾನೆ ಎಂದು ಹಲಗೆಯ ಮೇಲೆ ಕೆತ್ತುತ್ತಿದ್ದ ಹೊತ್ತಿಗೆ ನಿಜವಾದ ಕಡಲು ಕೈಬಿಡುತ್ತಿತ್ತು.

ನಮ್ಮ ಕರಾವಳಿಯೂ ಈ ಕಥೆಯಲ್ಲಿದೆ. ವೆನಿಸ್‌ನ ಸಿರಿಯ ಬುಡದಲ್ಲಿದ್ದುದು ಅಲೆಕ್ಸಾಂಡ್ರಿಯದ ಮೂಲಕ ಬರುತ್ತಿದ್ದ ಮಲಬಾರಿನ ಕರಿಮೆಣಸು. ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆ ತಲುಪಿ, ಮರಳುವಾಗ ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ ತಂಗಿದ್ದ. ಕೋಲ್ಬ್ ಅರ್ಜಿ ಬರೆದ ಅಕ್ಟೋಬರ್‌ನಲ್ಲಿ ಪೋರ್ಚುಗಲ್‌ನ ಕಬ್ರಾಲ್ ಕಲ್ಲಿಕೋಟೆಯ ಬಂದರಿನಲ್ಲಿದ್ದ. ಅವನ ಹಡಗುಗಳು ಮೆಣಸು ಹೇರಿಕೊಂಡು ಲಿಸ್ಬನ್‌ಗೆ ಮರಳಿದ ಸುದ್ದಿ 1501ರಲ್ಲಿ ವೆನಿಸ್ ಮುಟ್ಟಿದಾಗ ಅಲ್ಲಿನ ವರ್ತಕ ಜಿರೊಲಾಮೊ ಪ್ರಿಯುಲಿ ಊರಿನ ಅಳಿವೇ ಬಂತೆಂಬಂತೆ ತನ್ನ ದಿನಚರಿಯಲ್ಲಿ ಮರುಗಿದ. ಇದಕ್ಕೂ ಎಂಬತ್ತು ವರ್ಷ ಹಿಂದೆ ವೆನಿಸ್ ಸೀಮೆಯ ವರ್ತಕ ನಿಕೊಲೊ ಕಾಂಟಿ ವಿಜಯನಗರವನ್ನು ಕಂಡು, ಅದರ ಸುತ್ತಳತೆ ಅರವತ್ತು ಮೈಲಿ ಎಂದು ಹೇಳಿದ್ದ. ಅವನ ಪ್ರವಾಸದ ಮಾತುಗಳನ್ನು ಬರಹಕ್ಕಿಳಿಸಿದವನು ಪೋಪರ ಕಾರ್ಯದರ್ಶಿ ಪೊಜ್ಜೊ. ಬಾರ್ಬರಿಯ ಕಾಲದ ವಿಜಯನಗರದ ಇಂಥದೊಂದು ಚಿತ್ರ ನಮಗೆ ದಕ್ಕಿದ್ದಿದ್ದರೆ ಹಂಪಿಯ ಎಷ್ಟು ವಾದಗಳು ಮುಗಿದುಹೋಗುತ್ತಿದ್ದವು!

ಯಾಕೊಪೊ ದೆ ಬಾರ್ಬರಿ

ಚಿತ್ರಕಾರ ಹುಟ್ಟಿದ್ದು 1460–70ರ ನಡುವೆ ಇರಬೇಕು. ವೆನಿಸ್‌ನವನೆಂದು ಡ್ಯೂರರ್ ಬರೆದಿದ್ದಾನೆ. ಹೆಚ್ಚಿನ ವಿವರಗಳು ಸಿಗುವುದು ಅವನು ಊರು ಬಿಟ್ಟ ಮೇಲೆಯೇ. 1500ರ ಏಪ್ರಿಲ್‌ನಲ್ಲಿ ಸಾಮ್ರಾಟ ಮೊದಲನೆಯ ಮ್ಯಾಕ್ಸಿಮಿಲಿಯನ್ ಅವನನ್ನು ಭಾವಚಿತ್ರ ಬರೆಯುವವನಾಗಿ ನ್ಯೂರೆಂಬರ್ಗಿನಲ್ಲಿ ನೇಮಿಸಿಕೊಂಡ. ಹೀಗಾಗಿ ಅಕ್ಟೋಬರ್‌ನಲ್ಲಿ ಕೋಲ್ಬ್ ವೆನಿಸ್ ಸರ್ಕಾರದ ಮುಂದೆ ಕೈಜೋಡಿಸಿ ನಿಂತಾಗ ಚಿತ್ರಕಾರ ಆಲ್ಪ್ಸ್‌ನ ಆಚೆ ಬೇರೊಬ್ಬರ ಸಂಬಳದಲ್ಲಿದ್ದ. ಅಲ್ಲಿಂದ ಮುಂದೆ ಅವನದು ಆಸ್ಥಾನದಿಂದ ಆಸ್ಥಾನಕ್ಕೆ ಅಲೆದ ಬದುಕು: ವಿಟೆನ್‌ಬರ್ಗಿನಲ್ಲಿ ಸ್ಯಾಕ್ಸನಿಯ ಫ್ರೆಡರಿಕ್, ಬ್ರಾಂಡೆನ್‌ಬರ್ಗಿನ ಯೊಆಖಿಮ್, ಬರ್ಗಂಡಿಯ ಫಿಲಿಪ್, ಕೊನೆಗೆ ಮೆಖೆಲೆನ್‌ನಲ್ಲಿ ನೆದರ್ಲೆಂಡ್ಸಿನ ಆಡಳಿತ ನಡೆಸುತ್ತಿದ್ದ ಆಸ್ಟ್ರಿಯದ ಮಾರ್ಗರೆಟ್. ಮುಪ್ಪು, ನಿಶ್ಶಕ್ತಿಯ ಕಾರಣ ಕೊಟ್ಟು 1511ರಲ್ಲಿ ಆಕೆ ಅವನಿಗೆ ವರ್ಷಾಶನ ಗೊತ್ತುಮಾಡಿದಳು. 1516ರ ಅರಮನೆಯ ವಸ್ತುಪಟ್ಟಿಯಲ್ಲಿ ಅವನ ಹೆಸರಿನ ಹಿಂದೆ ದಿವಂಗತ ಎಂಬ ಮಾತು ಸೇರಿದೆ.

ಡ್ಯೂರರ್‌ಗೂ ಅವನಿಗೂ ನಡೆದ ಪ್ರಸಂಗ ರಸವತ್ತಾಗಿದೆ. ಮನುಷ್ಯದೇಹವನ್ನು ಲೆಕ್ಕ ಹಾಕಿ, ಪ್ರಮಾಣಬದ್ಧವಾಗಿ ಕಟ್ಟುವ ಗುಟ್ಟು ಬಾರ್ಬರಿಗೆ ಗೊತ್ತಿತ್ತು. ಯುವಕ ಡ್ಯೂರರ್‌ಗೆ ಹಾಗೆ ಬರೆದ ಒಂದು ಗಂಡು, ಒಂದು ಹೆಣ್ಣಿನ ಚಿತ್ರ ತೋರಿಸಿದನೇ ಹೊರತು ವಿಧಾನವನ್ನು ಬಿಡಿಸಿ ಹೇಳಲಿಲ್ಲ. ಹೊಸ ರಾಜ್ಯ ಗೆದ್ದುಕೊಡುತ್ತೇನೆಂದರೂ ಬೇಡ, ಆ ವಿದ್ಯೆ ಸಿಕ್ಕರೆ ಸಾಕಿತ್ತು ಎಂಬರ್ಥದಲ್ಲಿ ಡ್ಯೂರರ್ ಆಮೇಲೆ ನೆನಪಿಸಿಕೊಂಡಿದ್ದಾನೆ. ಕೊನೆಗೆ ಪ್ರಾಚೀನ ರೋಮಿನ ವಿಟ್ರೂವಿಯಸ್‌ನ ಗ್ರಂಥ ಹಿಡಿದು ತಾನೇ ಕೂತು ಕಲಿತ. 1506ರಲ್ಲಿ ವೆನಿಸ್‌ನಿಂದ ಗೆಳೆಯ ಪಿರ್ಕ್‌ಹೈಮರ್‌ಗೆ ಬರೆದ ಕಾಗದದಲ್ಲಿ ಒಂದು ಸಣ್ಣ ಚುಚ್ಚು ಇದೆ: ಯಾಕೊಪೊವಿಗಿಂತ ದೊಡ್ಡ ಚಿತ್ರಕಾರ ಲೋಕದಲ್ಲಿಲ್ಲ ಎಂದು ಕೋಲ್ಬ್ ಆಣೆ ಹಾಕುತ್ತಾನೆ, ಊರವರು ಮಾತ್ರ ಅಷ್ಟು ದೊಡ್ಡವನಾಗಿದ್ದರೆ ಇಲ್ಲೇ ಇರುತ್ತಿದ್ದನಲ್ಲ ಎಂದು ನಗುತ್ತಾರೆ. ಅದಾಗಿ ಹದಿನೈದು ವರ್ಷದ ಮೇಲೆ, 1521ರಲ್ಲಿ, ಡ್ಯೂರರ್ ಮೆಖೆಲೆನ್‌ಗೆ ಹೋಗಿದ್ದಾಗ ಬಾರ್ಬರಿಯ ಪುಟ್ಟ ಚಿತ್ರಪುಸ್ತಕವನ್ನು ಕೊಡಬೇಕೆಂದು ಮಾರ್ಗರೆಟಳನ್ನು ಕೇಳಿದ. ಅದನ್ನು ತನ್ನ ಆಸ್ಥಾನದ ಚಿತ್ರಕಾರನಿಗೆ ಕೊಡುತ್ತೇನೆಂದು ಮಾತು ಕೊಟ್ಟಾಗಿದೆ ಎಂದಳು. ಅಷ್ಟು ಹೊತ್ತಿಗೆ ಡ್ಯೂರರ್ ಯುರೋಪಿಗೇ ಹೆಸರಾದವನು. ಆದರೂ ಆ ಹಳೆಯ ಗುಟ್ಟಿನ ಆಸೆ ಹೋಗಿರಲಿಲ್ಲ.

ಬಾರ್ಬರಿಯ ತಾಮ್ರದ ಕೆತ್ತನೆಗಳು ಸುಮಾರು ಮೂವತ್ತು. ಪಕ್ಷಿನೋಟವನ್ನು ಬಿಟ್ಟರೆ ಮರದಚ್ಚಿನ ಚಿತ್ರಗಳು ಇನ್ನೆರಡು. ಮನುಷ್ಯರಿಗೂ ಸ್ಯಾಟಿರ್‌ಗಳೆಂಬ ಅರ್ಧಮೃಗಗಳಿಗೂ ನಡೆಯುವ ಕಾಳಗ, ವಿಜಯಯಾತ್ರೆ ಅವುಗಳ ವಸ್ತು. ನೇಪಲ್ಸ್‌ನಲ್ಲಿರುವ, ಗಣಿತಜ್ಞ ಲೂಕಾ ಪಚೋಲಿಯ 1495ರ ಪ್ರಸಿದ್ಧ ಭಾವಚಿತ್ರ ಇವನದೆಂಬ ವಾದವಿದೆ, ಒಪ್ಪದವರೂ ಬಹಳ ಮಂದಿ. ವಿವಾದವಿಲ್ಲದ ಮೇರುಕೃತಿ ಮ್ಯೂನಿಕ್‌ನ ಆಲ್ಟೆ ಪಿನಾಕೊಥೆಕ್ ಸಂಗ್ರಹದಲ್ಲಿರುವ 1504ರ ಪುಟ್ಟ ಫಲಕ. ಗೋಡೆಗೆ ತೂಗುಹಾಕಿದ ಸತ್ತ ಗೌಜಲ ಹಕ್ಕಿ, ಜೊತೆಗೆ ಉಕ್ಕಿನ ಕೈಗವಚಗಳು, ಅಡ್ಡಬಿಲ್ಲಿನ ಬಾಣ. ಕೆಳಗೆ ಮಡಿಕೆ ಬಿದ್ದ ಕಾಗದದ ಚೂರಿನ ಮೇಲೆ ಅವನ ಹೆಸರು, ತಾರೀಖು, ಹಾವಿನ ದಂಡ. ಹಕ್ಕಿಯ ಹೊಟ್ಟೆಯ ಮೆತ್ತನೆ ಗರಿ, ಲೋಹದ ಹೊಳಪು ಎರಡೂ ಕೈಗೆ ತಾಗುವಂತಿವೆ. ಯುರೋಪಿನಲ್ಲಿ ಬರಿಯ ವಸ್ತುಗಳನ್ನೇ ವಿಷಯವಾಗಿಸಿ ಬರೆದ, ಉಳಿದಿರುವ ಮೊದಮೊದಲ ಚಿತ್ರಗಳಲ್ಲಿ ಇದನ್ನು ಎಣಿಸುತ್ತಾರೆ. ಊರನ್ನೇ ಆರು ಹಲಗೆಗೆ ಇಳಿಸಿದ ಅದೇ ಕಣ್ಣು ಇಲ್ಲಿ ಒಂದು ಮೊಳೆಗೆ ತೂಗುಬಿದ್ದದ್ದನ್ನು ನೋಡುತ್ತಿದೆ. ಚಿತ್ರಕಲೆ ಕೂಲಿಕೆಲಸವಲ್ಲ, ಅದನ್ನೂ ಆಗ ಮಾನ್ಯವಾಗಿದ್ದ ಏಳು ವಿದ್ಯೆಗಳ ಸಾಲಿಗೆ ಎಂಟನೆಯದಾಗಿ ಸೇರಿಸಬೇಕು ಎಂದು ಫ್ರೆಡರಿಕ್ ದೊರೆಗೆ ಬಾರ್ಬರಿ ಬರೆದ ಪತ್ರವೂ ಉಳಿದಿದೆ. ಜ್ಯಾಮಿತಿ, ಅಂಕಗಣಿತ, ಖಗೋಳ ಗೊತ್ತಿಲ್ಲದವನು ಚಿತ್ರಕಾರನಾಗಲಾರ ಎಂಬುದು ಅವನ ವಾದದ ತಿರುಳು. ಪಕ್ಷಿನೋಟ ಬರೆದವನ ಬಾಯಲ್ಲಿ ಅದು ಬರಿ ಬಡಾಯಿ ಅನ್ನಿಸುವುದಿಲ್ಲ.

ಮೂರು ಅವಸ್ಥೆಗಳು

ಹಲಗೆಗಳನ್ನು ಒಂದೇ ಸಲ ಬಳಸಿ ಬಿಡಲಿಲ್ಲ. ಇಂದು ಸಿಗುವ ಪ್ರತಿಗಳಲ್ಲಿ ಮೂರು ಅವಸ್ಥೆಗಳನ್ನು ಗುರುತಿಸುತ್ತಾರೆ. ಗುರುತಿಸುವ ಕೀಲಿ ಆ ಮೊಂಡು ಗಂಟೆಗೋಪುರವೇ. ಮೊದಲ ಅವಸ್ಥೆಯಲ್ಲಿ ಚಪ್ಪಟೆ ಸೂರು, ರೋಮನ್ ಅಂಕಿಯಲ್ಲಿ 1500 ಎಂಬ ಇಸವಿ. 1513ರ ಹೊತ್ತಿಗೆ ಗೋಪುರಕ್ಕೆ ಹೊಸ ಶಿಖರ ಏರಿ, ತುದಿಯಲ್ಲಿ ದೇವದೂತ ನಿಂತ. ಚಿತ್ರ ಹಳತಾಯಿತು. ಆಗ ಹಲಗೆಯಲ್ಲಿ ಆ ಭಾಗವನ್ನು ತಿದ್ದಿ ಹೊಸ ಶಿಖರ ಮೂಡಿಸಿದರು, ಇಸವಿಯನ್ನು ತೆಗೆದುಹಾಕಿದರು, ಇದು ಎರಡನೆಯದು. ಇನ್ನೂ ತಡವಾಗಿ ಬಂದ ಮೂರನೆಯದರಲ್ಲಿ ತಿರುಗುಮುರುಗು: ಶಿಖರವನ್ನು ಕಿತ್ತು ಹಳೆಯ ಮೊಂಡು ಸೂರನ್ನೇ ಮತ್ತೆ ಕೂರಿಸಿ, 1500 ಎಂದು ಪುನಃ ಕೆತ್ತಿದರು. ಅಷ್ಟರಲ್ಲಿ ಗಿರಾಕಿಗಳಿಗೆ ಬೇಕಾಗಿದ್ದುದು ಈಗಿನ ಊರಾಗಿರದೆ ಹಳೆಯ ಊರಾಗಿತ್ತು. ಪುರಾತನ ವಸ್ತುಗಳ ವ್ಯಾಪಾರ ಅಂದೂ ಇಂದೂ ಒಂದೇ ಜಾಯಮಾನದ್ದು. ನಿಜವಾದ ಗೋಪುರ 1902ರ ಜುಲೈ 14ರಂದು ಕುಸಿದುಬಿತ್ತು. ಇಂದು ನಿಂತಿರುವುದು 1912ರಲ್ಲಿ ಮುಗಿದ ಮರುನಿರ್ಮಾಣ.

ನಕಲುಗಳು ಬೇಗ ಬಂದವು. ವವಸ್ಸೋರೆ ಎಂಬ ಮುದ್ರಕ ಇದನ್ನೇ ಕುಗ್ಗಿಸಿ ಅಗ್ಗದ ಮರದಚ್ಚು ತಂದ. ಬೊರ್ದೋನೆಯ 1528ರ ದ್ವೀಪಗಳ ಪುಸ್ತಕದಲ್ಲೂ, 1572ರಲ್ಲಿ ಕಲೋನ್‌ನಲ್ಲಿ ಬ್ರೌನ್ ಮತ್ತು ಹೊಗೆನ್‌ಬರ್ಗ್ ಆರಂಭಿಸಿದ ನಗರಗಳ ಮಹಾಸಂಪುಟದಲ್ಲೂ ವೆನಿಸ್ ಬಹುಪಾಲು ಇದೇ ಕೋನದಿಂದ, ಇದೇ ಮೀನಿನಾಕಾರದಲ್ಲಿ ಕಾಣಿಸಿಕೊಂಡಿತು. ಬೇರೆ ಊರುಗಳಿಗೂ ಹುರುಪು ಬಂತು. ಆಗ್ಸ್‌ಬರ್ಗ್ 1521ರಲ್ಲಿ, ಆಮ್‌ಸ್ಟರ್‌ಡಾಮ್ 1544ರಲ್ಲಿ ತಮ್ಮ ದೊಡ್ಡ ಮರದಚ್ಚುಗಳನ್ನು ಪಡೆದವು. ಆಮ್‌ಸ್ಟರ್‌ಡಾಮಿನದು ಹನ್ನೆರಡು ಹಲಗೆಗಳದು.

ಮೊದಲ ಅವಸ್ಥೆಯ ಪ್ರತಿಗಳು ಜಗತ್ತಿನಲ್ಲಿ ಹನ್ನೆರಡರಷ್ಟು ಉಳಿದಿವೆ ಎಂದು ಲೆಕ್ಕ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಅಮೆರಿಕದ ಕ್ಲೀವ್‌ಲೆಂಡ್ ಮತ್ತು ಮಿನಿಯಾಪೊಲಿಸ್ ಸಂಗ್ರಹಾಲಯಗಳಲ್ಲಿ ಈ ಚಿತ್ರದ ಪ್ರತಿಗಳಿವೆ. ವೆನಿಸ್‌ನ ಕೊರ್ರೆರ್ ಸಂಗ್ರಹಾಲಯದಲ್ಲಿ ಮುದ್ರಿತ ಪ್ರತಿಯ ಜೊತೆಗೆ ಮೂಲದ ಆರೂ ಅಚ್ಚುಹಲಗೆಗಳು ಉಳಿದಿವೆ. ಐನೂರು ವರ್ಷದಲ್ಲಿ ಹುಳು ತೂತು ಕೊರೆದಿದ್ದರೂ ಕೆತ್ತನೆಯ ಗೆರೆಗಳನ್ನು ಬರಿಗಣ್ಣಿನಲ್ಲಿ ಓದಬಹುದು. ಮಿನಿಯಾಪೊಲಿಸ್ ಪ್ರತಿಯನ್ನು ಕೇಂದ್ರವಾಗಿಟ್ಟುಕೊಂಡು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2017ರಲ್ಲಿ ಪ್ರದರ್ಶನವೊಂದನ್ನು ನಡೆಸಿತು. ದೊಡ್ಡ ಪರದೆಗಳ ಮೇಲೆ ಚಿತ್ರವನ್ನು ಹಿಗ್ಗಿಸಿ ಒಂದೊಂದು ಕೇರಿಗೂ ಇಳಿದು ನೋಡುವ ಏರ್ಪಾಡು ಅದರಲ್ಲಿತ್ತು. ಮೂಲವನ್ನು ನೋಡಲು ವೆನಿಸ್‌ಗೆ ಹೋಗುವವರಿಗೆ ಒಂದು ಸೂಚನೆ: ಮೊದಲು ಸಾನ್ ಜಾರ್ಜೊ ಮಜ್ಜೋರೆಯ ಗಂಟೆಗೋಪುರ ಹತ್ತಿ ಊರನ್ನು ನೋಡಿ, ಆಮೇಲೆ ಕೊರ್ರೆರ್‌ಗೆ ಹೋಗುವುದು ಒಳ್ಳೆಯದು. ಗೋಪುರದ ಮೇಲಿನಿಂದ ಸಾನ್ ಮಾರ್ಕೊ ಹೊಳೆಯುತ್ತದೆ, ಅದರ ಹಿಂದಿನ ಮಾಡುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ, ಮಹಾಕಾಲುವೆಯ ತಿರುವು ಎಲ್ಲೂ ಕಾಣುವುದಿಲ್ಲ.